ವಿದೇಶದಲ್ಲಿ ಬಾಡಿಗೆ ಕಾರು: ವಿಮೆಯ ನಿರ್ಧಾರ ಕೌಂಟರಿನ ಮುಂದೆ ಆಗಬಾರದು

ಕರ್ನಾಟಕದ ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳು ವ್ಯಾಪಾರದ ನಿಮಿತ್ತ ವಿದೇಶ ಪ್ರವಾಸ ಕೈಗೊಳ್ಳುವುದು ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಪೀಣ್ಯದ ಯಂತ್ರ ಬಿಡಿಭಾಗ ತಯಾರಕರು ಜರ್ಮನಿಯ ಹ್ಯಾನೋವರ್ ಕೈಗಾರಿಕಾ ಮೇಳಕ್ಕೂ, ಗ್ರಾನೈಟ್ ರಫ್ತುದಾರರು ಇಟಲಿಯ ವೆರೋನಾ ನಗರದ ಶಿಲಾ ಮೇಳಕ್ಕೂ, ಗೃಹಾಲಂಕಾರ ವಸ್ತುಗಳ ವ್ಯಾಪಾರಿಗಳು ಫ್ರಾಂಕ್‌ಫರ್ಟಿನ ಮೇಳಕ್ಕೂ ಹೋಗಿಬರುತ್ತಾರೆ. ಮೇಳದ ದಿನಗಳಲ್ಲಿ ನಗರದೊಳಗಿನ ಹೋಟೆಲ್ ದರಗಳು ಕೈಗೆಟುಕದಂತೆ ಏರುವುದರಿಂದ ಅನೇಕರು ಹಿಲ್ಡೆಸ್‌ಹೈಮ್‌ನಂತಹ ನೆರೆಯ ಊರುಗಳಲ್ಲಿ ತಂಗುತ್ತಾರೆ. ಯೂರೋಪಿನ ಅನೇಕ ಕಾರ್ಖಾನೆಗಳು ರೈಲು ನಿಲ್ದಾಣದಿಂದ ದೂರದ ಸಣ್ಣ ಊರುಗಳಲ್ಲಿರುವುದರಿಂದ ಗ್ರಾಹಕರ ಭೇಟಿಗೂ ವಾಹನ ಬೇಕಾಗುತ್ತದೆ. ಹೀಗಾಗಿ ಸ್ವತಃ ಚಾಲನೆ ಮಾಡುವ ಬಾಡಿಗೆ ಕಾರು ಇಂತಹ ಪ್ರವಾಸದ ಒಂದು ಅಂಗವೇ ಆಗಿದೆ.

ಪ್ರವಾಸದ ಅಂದಾಜು ಪಟ್ಟಿ ತಯಾರಿಸುವಾಗ ವಿಮಾನದ ಟಿಕೆಟ್, ವೀಸಾ ಶುಲ್ಕ, ಮಳಿಗೆಯ ಬಾಡಿಗೆ, ಹೋಟೆಲು, ಊಟೋಪಚಾರ ಎಲ್ಲವನ್ನೂ ಬರೆಯಲಾಗುತ್ತದೆ. ಕಾರಿನ ದಿನಬಾಡಿಗೆಯನ್ನೂ ಬರೆಯಲಾಗುತ್ತದೆ. ಆದರೆ ಆ ಬಾಡಿಗೆ ಕರಾರಿಗೆ ಸಹಿ ಹಾಕುವುದರೊಂದಿಗೆ ಸಂಸ್ಥೆಯು ಒಂದೂವರೆ ಲಕ್ಷ ರೂಪಾಯಿಯ ಆಸುಪಾಸಿನ ಒಂದು ಸಂಭಾವ್ಯ ಹೊಣೆಯನ್ನೂ ಹೊತ್ತುಕೊಳ್ಳುತ್ತದೆ ಎಂಬುದು ಯಾವ ಪಟ್ಟಿಯಲ್ಲೂ ಕಾಣಿಸುವುದಿಲ್ಲ. ಈ ಹೊಣೆಯ ಹೆಸರೇ 'ಎಕ್ಸೆಸ್'. ಅದನ್ನು ಹೇಗೆ ನಿಭಾಯಿಸಬೇಕೆಂಬ ನಿರ್ಧಾರ ಊರಿನ ಕಚೇರಿಯ ಮೇಜಿನ ಮೇಲೆ ಆಗಬೇಕೇ ವಿನಾ ವಿದೇಶಿ ವಿಮಾನ ನಿಲ್ದಾಣದ ಕೌಂಟರಿನ ಮುಂದೆ ಅಲ್ಲ ಎಂಬುದೇ ಈ ಲೇಖನದ ಪ್ರತಿಪಾದನೆ.

ಒಂದು ಉದಾಹರಣೆ

ವಿಷಯದ ಸ್ಪಷ್ಟತೆಗಾಗಿ ಒಂದು ಕಲ್ಪಿತ ಉದಾಹರಣೆಯನ್ನು ಗಮನಿಸಬಹುದು. ಇಬ್ಬರು ಪಾಲುದಾರರಿರುವ ಒಂದು ಸಣ್ಣ ತಯಾರಿಕಾ ಸಂಸ್ಥೆ. ಅವರಲ್ಲೊಬ್ಬರು ರಾತ್ರಿಯಿಡೀ ಪ್ರಯಾಣ ಮಾಡಿ ಬೆಳಿಗ್ಗೆ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾರೆ. ಬಾಡಿಗೆ ಕಂಪನಿಯ ಕೌಂಟರಿನಲ್ಲಿ ಸರದಿ ನಿಂತು ತಮ್ಮ ಬುಕಿಂಗ್ ಪತ್ರ ತೋರಿಸುತ್ತಾರೆ. ಅಲ್ಲಿನ ಸಿಬ್ಬಂದಿ, "ತಮ್ಮ ಕರಾರಿನಲ್ಲಿ 1,500 ಯೂರೋ ಎಕ್ಸೆಸ್ ಇದೆ, ದಿನಕ್ಕೆ 25 ಯೂರೋ ಹೆಚ್ಚುವರಿ ಕೊಟ್ಟರೆ ಅದನ್ನು ಶೂನ್ಯ ಮಾಡುತ್ತೇವೆ" ಎನ್ನುತ್ತಾರೆ. ಬುಕಿಂಗ್ ಮಾಡುವಾಗಲೇ ಮಧ್ಯವರ್ತಿ ಜಾಲತಾಣದಲ್ಲಿ 'ಪೂರ್ಣ ರಕ್ಷಣೆ' ಎಂಬುದಕ್ಕೆ ಹಣ ತೆತ್ತಿದ್ದ ಪಾಲುದಾರರು, ತಮ್ಮ ಬಳಿ ವಿಮೆ ಇದೆ ಎಂದು ಹೇಳಿ ಅದನ್ನು ನಿರಾಕರಿಸುತ್ತಾರೆ. ಸಿಬ್ಬಂದಿ ಕಾರ್ಡಿನ ಮೇಲೆ ಠೇವಣಿ ತಡೆಹಿಡಿದು ಕೀಲಿಕೈ ಕೊಡುತ್ತಾರೆ.

ಏಳು ದಿನಗಳ ನಂತರ ಭಾನುವಾರ ರಾತ್ರಿ ಕಚೇರಿ ಮುಚ್ಚಿದ್ದ ವೇಳೆ ಕಾರನ್ನು ನಿಲ್ಲಿಸಿ, ಕೀಲಿಕೈಯನ್ನು ಪೆಟ್ಟಿಗೆಗೆ ಹಾಕಿ ಪಾಲುದಾರರು ವಿಮಾನ ಹತ್ತುತ್ತಾರೆ. ಮೂರು ವಾರಗಳ ನಂತರ ಇ-ಮೇಲ್ ಬರುತ್ತದೆ: ಮುಂಭಾಗದ ಬಂಪರ್ ಹಾಗೂ ಎಡಗಡೆಯ ಚಕ್ರದ ರಿಮ್ಮಿಗೆ ಹಾನಿಯಾಗಿದ್ದು, 1,380 ಯೂರೋ ಮೊತ್ತವನ್ನು ಕಾರ್ಡಿನಿಂದ ಪಡೆಯಲಾಗಿದೆ. ತಾವು ಪೂರ್ಣ ರಕ್ಷಣೆ ಕೊಂಡಿದ್ದೆವೆಂದು ಬರೆದರೆ, "ಅದು ನಮ್ಮದಲ್ಲ, ಕೊಟ್ಟವರನ್ನೇ ಕೇಳಿ" ಎಂಬ ಉತ್ತರ. ಇತ್ತ ಇನ್ನೊಬ್ಬ ಪಾಲುದಾರರ ಪ್ರಶ್ನೆ: ಈ ಹಣ ಯಾರ ಖಾತೆಗೆ? ಸಂಸ್ಥೆಯ ಪ್ರವಾಸ ವೆಚ್ಚಕ್ಕೋ, ಚಾಲನೆ ಮಾಡಿದವರ ಬಂಡವಾಳ ಖಾತೆಗೋ?

ಈ ಉದಾಹರಣೆಯಲ್ಲಿ ಬಾಡಿಗೆ ಕಂಪನಿ ಕರಾರು ಮೀರಿದೆಯೆಂದು ಹೇಳಲಾಗದು. ಪಾಲುದಾರರೂ ಬೇಜವಾಬ್ದಾರಿ ತೋರಿಲ್ಲ. ವಿಮೆಗೆ ಹಣವನ್ನೇ ಕಟ್ಟಿದ್ದರು. ಆದರೂ ಪೇಚು ಉಂಟಾಯಿತು. ಕಾರಣ, ಕೊಂಡದ್ದು ಏನೆಂಬುದು ಸ್ಪಷ್ಟವಿರಲಿಲ್ಲ.

ಎಕ್ಸೆಸ್ ಎಂದರೇನು?

ಯೂರೋಪಿನಲ್ಲಿ ಕಾರು ಬಾಡಿಗೆಗೆ ಪಡೆದಾಗ ಮೂರನೆಯ ವ್ಯಕ್ತಿಗೆ ಆಗುವ ಹಾನಿಯ ಹೊಣೆ ವಿಮೆಯು ಕಾನೂನಿನಂತೆ ಕಡ್ಡಾಯವಾಗಿದ್ದು, ಬಾಡಿಗೆಯಲ್ಲಿಯೇ ಸೇರಿರುತ್ತದೆ. ಬಾಡಿಗೆ ಪಡೆದ ಕಾರಿಗೇ ಆಗುವ ಹಾನಿ ಹಾಗೂ ಕಳವಿಗೆ ಸಂಬಂಧಿಸಿದಂತೆ ಸಾಮಾನ್ಯವಾಗಿ 'ಕೊಲಿಷನ್ ಡ್ಯಾಮೇಜ್ ವೇವರ್' ಎಂಬ ಷರತ್ತು ಕರಾರಿನಲ್ಲಿ ಇರುತ್ತದೆ. ಇದನ್ನು ಎಲ್ಲರೂ ವಿಮೆ ಎಂದೇ ಕರೆಯುವುದು ವಾಡಿಕೆ. ಆದರೆ ಹೆಸರೇ ಸೂಚಿಸುವಂತೆ ಇದೊಂದು ರಿಯಾಯಿತಿ. ಕಾರಿಗೆ ಎಷ್ಟೇ ಹಾನಿಯಾದರೂ ಒಂದು ಮಿತಿಗಿಂತ ಹೆಚ್ಚನ್ನು ಬಾಡಿಗೆದಾರರಿಂದ ಕೇಳುವುದಿಲ್ಲವೆಂದು ಕಂಪನಿ ಕೊಡುವ ಒಪ್ಪಿಗೆ. ಆ ಮಿತಿಯವರೆಗಿನ ಮೊತ್ತವೇ ಎಕ್ಸೆಸ್. ಕಾರಿನ ವರ್ಗ, ದೇಶ ಹಾಗೂ ಕಂಪನಿಗೆ ಅನುಗುಣವಾಗಿ ಇದು ಕೆಲವು ನೂರು ಯೂರೋಗಳಿಂದ ಎರಡು ಸಾವಿರ ಯೂರೋ ದಾಟುವವರೆಗೂ ಇರುತ್ತದೆ. ತಪ್ಪು ಯಾರದೆಂಬುದು ಇಲ್ಲಿ ಮೊದಲ ಪ್ರಶ್ನೆಯಲ್ಲ. ನಿಲುಗಡೆ ಸ್ಥಳದಲ್ಲಿ ಯಾರೋ ಗುದ್ದಿ ಹೋದರೂ, ಗುದ್ದಿದವರು ಪತ್ತೆಯಾಗದಿದ್ದರೆ ಹೊಣೆ ಬಾಡಿಗೆದಾರರದೇ.

ಕರ್ನಾಟಕದಲ್ಲಿ ಸ್ವಂತ ಕಾರು ಓಡಿಸುವವರಿಗೆ ಈ ಕಲ್ಪನೆ ಹೊಸದೇನಲ್ಲ. ಭಾರತದ ಮೋಟಾರು ವಿಮಾ ಪಾಲಿಸಿಯಲ್ಲೂ ಪ್ರತಿ ಕ್ಲೇಮಿನಲ್ಲಿ ಮಾಲೀಕರೇ ಭರಿಸಬೇಕಾದ ಕಡ್ಡಾಯ ಕಡಿತವಿದೆ. 1500 ಸಿಸಿವರೆಗಿನ ಖಾಸಗಿ ಕಾರಿಗೆ ಅದು 1,000 ರೂಪಾಯಿ. ಅದಕ್ಕಿಂತ ದೊಡ್ಡ ಎಂಜಿನ್ನಿಗೆ 2,000 ರೂಪಾಯಿ. ಸಾವಿರ, ಎರಡು ಸಾವಿರಕ್ಕೆ ಒಗ್ಗಿದ ಮನಸ್ಸು ವಿದೇಶದ ಕರಾರಿನಲ್ಲಿ ಅದೇ ಅರ್ಥದ ಪದವನ್ನು ಕಂಡಾಗ ಅದರ ಮುಂದಿರುವ ಅಂಕಿಯನ್ನು ಗಂಭೀರವಾಗಿ ಓದುವುದಿಲ್ಲ. ತತ್ತ್ವ ಒಂದೇ ಆದರೂ ಮೊತ್ತವು ನೂರು ಪಟ್ಟಿನದು ಎಂಬುದನ್ನು ಮರೆಯಬಾರದು.

ಮೂರು ದಾರಿಗಳು

ಈ ಹೊಣೆಯನ್ನು ನಿಭಾಯಿಸಲು ಬಾಡಿಗೆದಾರರ ಮುಂದೆ ಮೂರು ದಾರಿಗಳಿವೆ. ಮೊದಲನೆಯದು, ಬಾಡಿಗೆ ಕಂಪನಿಗೇ ಹೆಚ್ಚುವರಿ ಹಣ ಕೊಟ್ಟು ಎಕ್ಸೆಸ್ಸನ್ನು ಶೂನ್ಯಕ್ಕೆ ಇಳಿಸಿಕೊಳ್ಳುವುದು. ಎರಡನೆಯದು, ಎಕ್ಸೆಸ್ ಮೊತ್ತಕ್ಕೆ ಮಾತ್ರ ಬೇರೊಂದು ವಿಮಾ ಸಂಸ್ಥೆಯಿಂದ ಪ್ರತ್ಯೇಕ ಪಾಲಿಸಿ ಪಡೆಯುವುದು. ಮೂರನೆಯದು, ಏನನ್ನೂ ಕೊಳ್ಳದೆ ಹೊಣೆಯನ್ನು ತಾನೇ ಹೊರುವುದು.

ಲೆಕ್ಕದ ಸುಲಭಕ್ಕಾಗಿ ಒಂದು ಯೂರೋಗೆ ನೂರು ರೂಪಾಯಿ ಎಂದಿಟ್ಟುಕೊಂಡು ಮೇಲಿನ ಉದಾಹರಣೆಯನ್ನೇ ಪರಿಶೀಲಿಸಬಹುದು. ಏಳು ದಿನಗಳಿಗೆ ಕೌಂಟರಿನ ರಕ್ಷಣೆಗೆ 175 ಯೂರೋ, ಅಂದರೆ 17,500 ರೂಪಾಯಿ. ಪ್ರತ್ಯೇಕ ಪಾಲಿಸಿಗೆ ಅದೇ ಅವಧಿಗೆ 40 ಯೂರೋ, ಅಂದರೆ 4,000 ರೂಪಾಯಿ ಎಂದಿಟ್ಟುಕೊಳ್ಳಬಹುದು. ರಕ್ಷಣೆ ಸಿಗುವುದು ಎರಡರಲ್ಲೂ 1,50,000 ರೂಪಾಯಿಯ ಹೊಣೆಗೆ. 17,500 ರೂಪಾಯಿ ಕೊಡುವುದು ಲೆಕ್ಕದ ದೃಷ್ಟಿಯಿಂದ ಸಮನಾಗಬೇಕಾದರೆ ಸುಮಾರು ಎಂಟೊಂಬತ್ತು ಪ್ರವಾಸಗಳಿಗೊಮ್ಮೆ ಪೂರ್ತಿ ಎಕ್ಸೆಸ್ ತೆರುವಂತಹ ಹಾನಿ ಆಗಬೇಕು. 4,000 ರೂಪಾಯಿಗೆ ಸಮನಾಗಲು ಮೂವತ್ತೇಳು ಪ್ರವಾಸಗಳಿಗೊಮ್ಮೆ ಆದರೂ ಸಾಕು. ಎಂಟು ವಾರಗಳ ಚಾಲನೆಯಲ್ಲಿ ಒಮ್ಮೆ ಒಂದೂವರೆ ಲಕ್ಷದ ಹಾನಿ ಮಾಡುವವರು ಕಾರು ಬಾಡಿಗೆಗೆ ಪಡೆಯದಿರುವುದೇ ಒಳಿತು. ಬಲಗಡೆ ಚಾಲನೆಯ ಅಪರಿಚಿತ ರಸ್ತೆಯಲ್ಲಿ ಎಡಗಡೆಯ ಚಾಲನೆಗೆ ಒಗ್ಗಿದವರು ಮೂವತ್ತೇಳರಲ್ಲಿ ಒಮ್ಮೆ ತಪ್ಪುವುದು ಮಾತ್ರ ಅಸಾಧ್ಯದ ಮಾತಲ್ಲ. ಆದ್ದರಿಂದ ಬರೀ ಅಂಕಿಗಳನ್ನು ನೋಡಿದರೆ ಪ್ರತ್ಯೇಕ ಪಾಲಿಸಿಯೇ ಮೇಲು.

ಹಾಗಾದರೆ ಮೂರನೆಯ ದಾರಿ ಸದಾ ತಪ್ಪೇ? ಹಾಗೆ ಹೇಳಲು ಬರುವುದಿಲ್ಲ. ತಾಳಲಾರದ ನಷ್ಟಕ್ಕೆ ವಿಮೆ ಮಾಡಿಸಬೇಕು, ತಾಳಬಲ್ಲ ನಷ್ಟವನ್ನು ಹೊರಬೇಕು ಎಂಬುದು ವಿಮೆಯ ಮೂಲ ತತ್ತ್ವ. ವರ್ಷಕ್ಕೆ ಹತ್ತಾರು ಪ್ರವಾಸ ಮಾಡಿಸುವ ದೊಡ್ಡ ಕಂಪನಿಗೆ ಒಂದೂವರೆ ಲಕ್ಷ ಒಂದು ಸಾಮಾನ್ಯ ವೆಚ್ಚ. ಎರಡು ವರ್ಷಕ್ಕೊಮ್ಮೆ ಸಾಲದ ಮಿತಿಯೊಳಗೆ ಹಣ ಹೊಂದಿಸಿ ಮೇಳಕ್ಕೆ ಹೋಗುವ ಸಣ್ಣ ಘಟಕಕ್ಕೆ ಅದೇ ಮೊತ್ತ ಒಂದಿಬ್ಬರು ಕೆಲಸಗಾರರ ಹಲವು ತಿಂಗಳ ಸಂಬಳ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಇಲ್ಲಿಯೂ ಅನ್ವಯಿಸುತ್ತದೆ.

ಪ್ರತ್ಯೇಕ ಪಾಲಿಸಿಯ ನಿಜ ಸ್ವರೂಪ

ಅಗ್ಗವೆಂಬ ಒಂದೇ ಕಾರಣಕ್ಕೆ ಪ್ರತ್ಯೇಕ ಪಾಲಿಸಿ ಕೊಳ್ಳುವವರು ಅದರ ಸ್ವರೂಪವನ್ನು ಅರಿತಿರಬೇಕು. ಬಾಡಿಗೆ ಕಂಪನಿಯ ಶೂನ್ಯ ಎಕ್ಸೆಸ್ ಎಂದರೆ ಕಂಪನಿ ಹಣವನ್ನು ಕೇಳುವುದೇ ಇಲ್ಲ. ಪ್ರತ್ಯೇಕ ಪಾಲಿಸಿಯಾದರೆ ಕಂಪನಿ ಹಣವನ್ನು ಪೂರ್ತಿಯಾಗಿ ಪಡೆದುಕೊಳ್ಳುತ್ತದೆ. ಬಾಡಿಗೆದಾರರು ಅದನ್ನು ವಿಮಾ ಸಂಸ್ಥೆಯಿಂದ ಮರಳಿ ಪಡೆಯಬೇಕು. ಒಂದು ಮನ್ನಾ, ಇನ್ನೊಂದು ಮರುಪಾವತಿ. ಮಧ್ಯವರ್ತಿ ಜಾಲತಾಣಗಳು 'ಪೂರ್ಣ ರಕ್ಷಣೆ' ಎಂದು ಮಾರುವುದೂ ಬಹುಪಾಲು ಈ ಎರಡನೆಯ ಬಗೆಯದೇ. ಅದರ ಪತ್ರವನ್ನು ಕೌಂಟರಿನಲ್ಲಿ ತೋರಿಸಿದರೆ ಬಾಡಿಗೆ ಕಂಪನಿ ಅದನ್ನು ಮಾನ್ಯ ಮಾಡಬೇಕಾದ ಕಾರಣವಿಲ್ಲ.

ಇದರಿಂದ ಮೂರು ಪರಿಣಾಮಗಳು ಉಂಟಾಗುತ್ತವೆ. ಮೊದಲನೆಯದಾಗಿ, ಕಾರು ಪಡೆಯುವಾಗಲೇ ಎಕ್ಸೆಸ್ಸಿಗೆ ಸಮನಾದ ಠೇವಣಿಯನ್ನು ಕ್ರೆಡಿಟ್ ಕಾರ್ಡಿನ ಮೇಲೆ ತಡೆಹಿಡಿಯಲಾಗುತ್ತದೆ. ಕಾರ್ಡಿನ ಮಿತಿ ಎರಡು ಲಕ್ಷವಾಗಿದ್ದು, ಅದರಲ್ಲಿ ಒಂದೂವರೆ ಲಕ್ಷ ಸಿಕ್ಕಿಹಾಕಿಕೊಂಡರೆ ಹೋಟೆಲಿಗೆ ಏನು ಮಾಡುವುದು? ಕಾರ್ಡು ಮುಖ್ಯ ಚಾಲಕರ ಹೆಸರಿನಲ್ಲಿಯೇ ಇರಬೇಕೆಂದು ಸಾಮಾನ್ಯವಾಗಿ ಕೇಳುತ್ತಾರೆ. ಬಹುತೇಕ ವರ್ತಕರು ಕೊಂಡೊಯ್ಯುವ ಫಾರೆಕ್ಸ್ ಕಾರ್ಡು ಠೇವಣಿಗೆ ಅನೇಕ ಕಡೆ ನಡೆಯುವುದಿಲ್ಲ. ತಕ್ಕ ಕ್ರೆಡಿಟ್ ಕಾರ್ಡು ಇಲ್ಲದವರು ಕೌಂಟರಿನಲ್ಲಿ ಹೇಳಿದ ಬೆಲೆಗೆ ರಕ್ಷಣೆ ಕೊಳ್ಳದೆ ಗತ್ಯಂತರವಿರುವುದಿಲ್ಲ.

ಎರಡನೆಯದಾಗಿ, ಮರುಪಾವತಿ ಬರುವವರೆಗೆ ಹಣದ ಹೊರೆ ಸಂಸ್ಥೆಯದು. ವಿದೇಶಿ ಕರೆನ್ಸಿಯ ವ್ಯವಹಾರಕ್ಕೆ ಭಾರತದ ಬ್ಯಾಂಕುಗಳು ಸಾಮಾನ್ಯವಾಗಿ ಶೇ. 2ರಿಂದ 3.5ರವರೆಗೆ ಶುಲ್ಕವನ್ನೂ, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿಯನ್ನೂ ವಿಧಿಸುತ್ತವೆ. 1,380 ಯೂರೋ ಮೇಲೆ ಇದೇ ಐದು ಸಾವಿರ ರೂಪಾಯಿ ಮೀರಬಹುದು. ಪಾಲಿಸಿ ಈ ಶುಲ್ಕವನ್ನು ಕೊಡದಿದ್ದರೆ ಅದು ಕೈಯಿಂದಲೇ ಹೋಗುತ್ತದೆ.

ಮೂರನೆಯದಾಗಿ, ಹಣ ಮರಳಿ ಬರುವುದು ದಾಖಲೆಗಳ ಬಲದ ಮೇಲೆ. ಬಾಡಿಗೆ ಕರಾರು, ಕಾರು ಪಡೆದಾಗಿನ ಹಾಗೂ ಒಪ್ಪಿಸಿದಾಗಿನ ಸ್ಥಿತಿ ವರದಿಗಳು, ಹಾನಿಯ ಬಿಲ್ಲು, ಭಾವಚಿತ್ರಗಳು, ಕಾರ್ಡಿನಿಂದ ಹಣ ಹೋದುದಕ್ಕೆ ಬ್ಯಾಂಕಿನ ಪಟ್ಟಿ, ಚಾಲನಾ ಪರವಾನಗಿಯ ಪ್ರತಿ ಇವೆಲ್ಲವನ್ನೂ ವಿಮಾ ಸಂಸ್ಥೆ ಕೇಳುತ್ತದೆ. ಉದಾಹರಣೆಯ ಪಾಲುದಾರರ ಬಳಿ ಕಾರು ಒಪ್ಪಿಸಿದಾಗಿನ ಒಂದು ಚಿತ್ರವೂ ಇರಲಿಲ್ಲ. ಕೀಲಿಕೈಯನ್ನು ಪೆಟ್ಟಿಗೆಗೆ ಹಾಕಿದ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ. ಸಿಬ್ಬಂದಿ ಬಂದು ಕಾರನ್ನು ಪರಿಶೀಲಿಸುವವರೆಗೂ ಅದು ಮುಂದುವರಿಯುತ್ತದೆ ಎಂಬುದು ಅನೇಕ ಕರಾರುಗಳ ಷರತ್ತು. ಭಾನುವಾರ ರಾತ್ರಿ ಮತ್ತು ಸೋಮವಾರ ಬೆಳಿಗ್ಗೆಯ ನಡುವೆ ಬಂಪರಿಗೆ ಏನಾಯಿತೆಂದು ಸಾಬೀತು ಮಾಡುವ ದಾರಿಯೇ ಅವರಿಗೆ ಇರಲಿಲ್ಲ.

ಭಾರತದ ನಿವಾಸಿಗಳಿಗೆ ಅನ್ವಯಿಸುವ ಮಾತು

ಪ್ರತ್ಯೇಕ ಎಕ್ಸೆಸ್ ಪಾಲಿಸಿಯ ಪದ್ಧತಿ ಬ್ರಿಟನ್ ಹಾಗೂ ಯೂರೋಪಿನಲ್ಲಿ ಚೆನ್ನಾಗಿ ಬೆಳೆದಿದೆ. ವಾರ್ಷಿಕ ಪಾಲಿಸಿಗಳೂ ಅಲ್ಲಿ ದೊರೆಯುತ್ತವೆ. ಆದರೆ ಇವುಗಳಲ್ಲಿ ಅನೇಕವು ಆಯಾ ದೇಶದ ನಿವಾಸಿಗಳಿಗೆ ಮಾತ್ರ ಮೀಸಲು. ಜಾಲತಾಣ ಹಣ ಸ್ವೀಕರಿಸಿತೆಂದ ಮಾತ್ರಕ್ಕೆ ಬೆಂಗಳೂರಿನ ವಿಳಾಸದವರು ಅರ್ಹರಾದರೆಂದು ಭಾವಿಸಬಾರದು. ಅರ್ಹತೆಯ ಪರಿಶೀಲನೆ ಕ್ಲೇಮಿನ ದಿನ ನಡೆಯುತ್ತದೆ.

ಇದಕ್ಕೆ ಕಾನೂನಿನ ಒಂದು ಮುಖವೂ ಇದೆ. 2015ರ ವಿದೇಶಿ ವಿನಿಮಯ ನಿರ್ವಹಣೆ (ವಿಮೆ) ನಿಯಮಾವಳಿಗಳ ಪ್ರಕಾರ, ಭಾರತದ ನಿವಾಸಿಯು ಭಾರತದ ಹೊರಗಿನ ವಿಮಾ ಸಂಸ್ಥೆಯ ಸಾಮಾನ್ಯ ವಿಮಾ ಪಾಲಿಸಿ ಪಡೆಯಲು ಕೇಂದ್ರ ಸರ್ಕಾರದ ಸಾಮಾನ್ಯ ಅಥವಾ ವಿಶೇಷ ಅನುಮತಿ ಇರಬೇಕು. ನಲವತ್ತು ಯೂರೋ ಪಾಲಿಸಿಗಾಗಿ ಇಂತಹ ಪ್ರಶ್ನೆಯನ್ನು ತಲೆಯ ಮೇಲೆ ಎಳೆದುಕೊಳ್ಳುವುದು ಜಾಣತನವಲ್ಲ. ಬಾಡಿಗೆ ಕಂಪನಿಯೇ ಕೊಡುವ ಮನ್ನಾ ವಿಮಾ ಪಾಲಿಸಿಯಲ್ಲದೆ ಬಾಡಿಗೆ ಕರಾರಿನ ಒಂದು ಷರತ್ತಾದ್ದರಿಂದ ಅದಕ್ಕೆ ಈ ತೊಡಕು ತಟ್ಟುವುದಿಲ್ಲ.

ಹಾಗಾಗಿ ಕರ್ನಾಟಕದ ವರ್ತಕರು ಮೊದಲು ನೋಡಬೇಕಾದದ್ದು ತಮ್ಮದೇ ಸಾಗರೋತ್ತರ ಪ್ರವಾಸ ವಿಮೆಯನ್ನು. ಭಾರತದ ಕೆಲವು ಸಾಮಾನ್ಯ ವಿಮಾ ಸಂಸ್ಥೆಗಳ ಪ್ರವಾಸ ಪಾಲಿಸಿಗಳಲ್ಲಿ ಬಾಡಿಗೆ ವಾಹನದ ಎಕ್ಸೆಸ್ ರಕ್ಷಣೆ ಒಂದು ವಿಭಾಗವಾಗಿಯೋ ಹೆಚ್ಚುವರಿ ಆಯ್ಕೆಯಾಗಿಯೋ ಇರುತ್ತದೆ. ವೀಸಾಕ್ಕೆ ಬೇಕೆಂಬ ಕಾರಣಕ್ಕೆ ಎಲ್ಲಕ್ಕಿಂತ ಅಗ್ಗದ ಪಾಲಿಸಿಯನ್ನು ಏಜೆಂಟರಿಂದ ತರಿಸಿಕೊಂಡು ಕಡತಕ್ಕೆ ಸೇರಿಸುವ ಪದ್ಧತಿ ಬಿಡಬೇಕು. ಆ ವಿಭಾಗ ಇದೆಯೇ, ಅದರ ಗರಿಷ್ಠ ಮೊತ್ತ ಕಾರಿನ ಎಕ್ಸೆಸ್ಸಿಗೆ ಸಾಲುತ್ತದೆಯೇ, ಅದರಲ್ಲಿಯೂ ಪಾಲಿಸಿದಾರರು ಭರಿಸಬೇಕಾದ ಕಡಿತವಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಬೇಕು. ಭಾರತದ ಪಾಲಿಸಿಯ ಇನ್ನೊಂದು ಅನುಕೂಲವೆಂದರೆ, ಕ್ಲೇಮು ತಿರಸ್ಕೃತವಾದರೆ ವ್ಯಕ್ತಿಯ ಹೆಸರಿನ ಪಾಲಿಸಿಯ ಬಗ್ಗೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಪರದೇಶದ ಸಂಸ್ಥೆಯೊಡನೆ ಇ-ಮೇಲಿನಲ್ಲಿ ಗುದ್ದಾಡುವುದಕ್ಕಿಂತ ಇದು ಎಷ್ಟೋ ಮೇಲು.

ಯಾವ ರಕ್ಷಣೆಯೂ ಒಳಗೊಳ್ಳದ ಸಂಗತಿಗಳು

ಮನ್ನಾ ಇರಲಿ, ಪಾಲಿಸಿ ಇರಲಿ, ಎರಡಕ್ಕೂ ಹೊರತಾದ ಸಂಗತಿಗಳಿವೆ. ಟೈರು, ಗಾಜು, ಕಾರಿನ ತಳಭಾಗ, ಮೇಲ್ಛಾವಣಿ ಇವು ಸಾಧಾರಣ ಮನ್ನಾದಲ್ಲಿ ಅನೇಕ ವೇಳೆ ಸೇರಿರುವುದಿಲ್ಲ. ಪ್ರತ್ಯೇಕ ಪಾಲಿಸಿಗಳಲ್ಲಿ ಕೆಲವು ಇವನ್ನು ಸೇರಿಸಿಕೊಳ್ಳುತ್ತವೆ. ಅದೇ ಅವುಗಳ ಒಂದು ಹೆಚ್ಚುಗಾರಿಕೆ. ಡೀಸೆಲ್ ಕಾರಿಗೆ ಪೆಟ್ರೋಲ್ ತುಂಬಿದ್ದು, ಕೀಲಿಕೈ ಕಳೆದದ್ದು, ಕಾರು ದುರಸ್ತಿಯಲ್ಲಿದ್ದ ದಿನಗಳ ಬಾಡಿಗೆ ನಷ್ಟ, ಕಂಪನಿಯ ಆಡಳಿತ ಶುಲ್ಕ ಇವುಗಳ ಬಗ್ಗೆ ಪ್ರತಿ ಕರಾರಿನಲ್ಲೂ ಬೇರೆ ಬೇರೆ ಮಾತಿರುತ್ತದೆ. ಮದ್ಯ ಸೇವಿಸಿ ಚಾಲನೆ ಮಾಡಿದ್ದು, ಕರಾರಿನಲ್ಲಿ ಹೆಸರಿಲ್ಲದವರು ಚಾಲನೆ ಮಾಡಿದ್ದು, ಅನುಮತಿಯಿಲ್ಲದೆ ಗಡಿ ದಾಟಿದ್ದು ಸಾಬೀತಾದರೆ ಮನ್ನಾದ ಮಿತಿಯೇ ಬಿದ್ದುಹೋಗಿ ಕಾರಿನ ಪೂರ್ಣ ಹಾನಿ ಬಾಡಿಗೆದಾರರ ಮೇಲೆ ಬರಬಹುದು. ಮೇಳದಿಂದ ಮರಳುವ ರಾತ್ರಿ "ಸ್ವಲ್ಪ ಹೊತ್ತು ನೀನು ಓಡಿಸು" ಎಂದು ಜೊತೆಗಾರನಿಗೆ ಚಕ್ರ ಕೊಡುವ ಮುನ್ನ ಇದನ್ನು ನೆನೆಯಬೇಕು.

ಜರ್ಮನಿಯ ಕರಾರುಗಳಲ್ಲಿ ಅಪಘಾತವಾದರೆ ಪೊಲೀಸರನ್ನು ಕರೆಯಬೇಕೆಂಬ ಷರತ್ತು ಸಾಮಾನ್ಯ. ಇನ್ನೊಬ್ಬ ಚಾಲಕ ಸಭ್ಯನಾಗಿದ್ದು, ಕೈ ಕುಲುಕಿ ವಿಳಾಸ ಕೊಟ್ಟನೆಂದು ಹೊರಟುಬಿಟ್ಟರೆ ಷರತ್ತು ಮುರಿದಂತಾಗುತ್ತದೆ. ಭಾರತದ ಚಾಲನಾ ಪರವಾನಗಿಯೊಡನೆ ಪ್ರಾದೇಶಿಕ ಸಾರಿಗೆ ಕಚೇರಿ ನೀಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಒಯ್ಯಬೇಕು. ಅದರ ಅವಧಿ ಒಂದು ವರ್ಷ ಮಾತ್ರ. ಆ ದೇಶದಲ್ಲಿ ಮಾನ್ಯವಾದ ಪರವಾನಗಿ ಇಲ್ಲದವರಿಗೆ ಯಾವ ವಿಮೆಯೂ ಆಸರೆಯಾಗದು.

ದೇಶ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಅಮೆರಿಕದಲ್ಲಿ ಮೂಲ ಬಾಡಿಗೆಯಲ್ಲಿ ಹಾನಿ ಮನ್ನಾ ಸೇರಿರದಿದ್ದರೆ ಹೊಣೆಯು ಎಕ್ಸೆಸ್ಸಿಗೆ ನಿಲ್ಲದೆ ಕಾರಿನ ಪೂರ್ಣ ಬೆಲೆಯವರೆಗೂ ಹೋಗಬಹುದು. ಮೂರನೆಯ ವ್ಯಕ್ತಿಯ ಹೊಣೆಯ ರಕ್ಷಣೆಯೂ ಅಲ್ಲಿ ಪ್ರತ್ಯೇಕವಾಗಿ ನೋಡಬೇಕಾದ ಸಂಗತಿ. ಎಕ್ಸೆಸ್ಸಿಗೆ ಮಾತ್ರ ಮಾಡಿಸಿದ ಪಾಲಿಸಿಯನ್ನು ನಂಬಿ ಅಲ್ಲಿ ಚಾಲನೆ ಮಾಡುವುದು ಅಪಾಯಕರ.

ಲೆಕ್ಕಪತ್ರದ ದೃಷ್ಟಿ

ಇನ್ನು ಇಬ್ಬರು ಪಾಲುದಾರರ ನಡುವಿನ ಪ್ರಶ್ನೆ. ಪ್ರವಾಸವು ಸಂಪೂರ್ಣವಾಗಿ ವ್ಯಾಪಾರಕ್ಕಾಗಿಯೇ ಆಗಿದ್ದರೆ ಬಾಡಿಗೆ, ರಕ್ಷಣೆಯ ಶುಲ್ಕ, ವಿಮಾ ಕಂತು ಹಾಗೂ ತೆತ್ತ ಎಕ್ಸೆಸ್ ಇವೆಲ್ಲವೂ ಸಂಸ್ಥೆಯ ವೆಚ್ಚಗಳೇ. ಆದರೆ ಅದನ್ನು ತೋರಿಸಲು ಪ್ರವಾಸದ ಉದ್ದೇಶ, ಭೇಟಿ ಮಾಡಿದವರ ವಿವರ, ಮೇಳದ ಪ್ರವೇಶ ಪತ್ರ ಮುಂತಾದವು ಕಡತದಲ್ಲಿರಬೇಕು. ಮೇಳ ಮುಗಿದ ಮೇಲೆ ಕುಟುಂಬದೊಡನೆ ಮೂರು ದಿನ ಸುತ್ತಾಡಿದ್ದರೆ ಆ ದಿನಗಳ ಪಾಲನ್ನು ಬೇರ್ಪಡಿಸಬೇಕು. ವಿದೇಶದ ಬಿಲ್ಲಿನಲ್ಲಿರುವ ವ್ಯಾಟ್ ತೆರಿಗೆಗೆ ಇಲ್ಲಿ ಇನ್‌ಪುಟ್ ಕ್ರೆಡಿಟ್ ದೊರೆಯುವುದಿಲ್ಲ.

ಸಂಚಾರ ದಂಡದ ಮಾತೇ ಬೇರೆ. ಇಟಲಿಯ ಹಳೆಯ ನಗರ ಭಾಗಗಳಲ್ಲಿ ಪರವಾನಗಿಯಿಲ್ಲದ ವಾಹನಗಳಿಗೆ ನಿರ್ಬಂಧಿತ ವಲಯಗಳಿದ್ದು, ಕ್ಯಾಮೆರಾ ಮೂಲಕ ದಂಡ ವಿಧಿಸಲಾಗುತ್ತದೆ. ತಿಂಗಳುಗಳ ನಂತರ ನೋಟೀಸು ಬರುವುದೂ ಉಂಟು. ಬಾಡಿಗೆ ಕಂಪನಿ ಚಾಲಕರ ವಿವರ ಒದಗಿಸಿದ್ದಕ್ಕೆ ತನ್ನ ಶುಲ್ಕವನ್ನೂ ಪಡೆಯುತ್ತದೆ. ಇದು ಯಾವ ಎಕ್ಸೆಸ್ ವಿಮೆಗೂ ಸೇರುವುದಿಲ್ಲ. ಕಾನೂನು ಉಲ್ಲಂಘನೆಯ ದಂಡವನ್ನು ವ್ಯಾಪಾರದ ವೆಚ್ಚವೆಂದು ಆದಾಯ ತೆರಿಗೆಯಲ್ಲಿ ಕಳೆಯಲು ಬರುವುದಿಲ್ಲ. ಭಾರತದ ಹೊರಗಿನ ಕಾನೂನಿನ ಉಲ್ಲಂಘನೆಗೂ ಇದು ಅನ್ವಯಿಸುತ್ತದೆಂದು 2022ರ ಹಣಕಾಸು ಕಾಯ್ದೆ ಸ್ಪಷ್ಟಪಡಿಸಿತು.

ಮಾರ್ಚ್ ತಿಂಗಳಲ್ಲಿ ಎಕ್ಸೆಸ್ ತೆತ್ತು, ಮಾರ್ಚ್ 31ರಂದು ಕ್ಲೇಮು ಇನ್ನೂ ತೀರ್ಮಾನವಾಗದೆ ಇದ್ದರೆ, ತೆತ್ತ ಹಣವನ್ನು ವೆಚ್ಚವೆಂದು ಬರೆಯಬೇಕು. ಬರಬಹುದಾದ ಮರುಪಾವತಿಯನ್ನು, ಅದು ಬಹುಮಟ್ಟಿಗೆ ಖಚಿತವಾಗುವವರೆಗೆ ಆಸ್ತಿಯೆಂದು ತೋರಿಸಬಾರದೆಂಬುದು ಲೆಕ್ಕಪತ್ರ ಮಾನದಂಡ 29ರ ಆಶಯ. ಪಾಲುದಾರರ ಸ್ವಂತ ಕಾರ್ಡಿನಿಂದ ಹಣ ಹೋಗಿದ್ದರೆ ಸಂಸ್ಥೆ ಅದನ್ನು ಅವರಿಗೆ ಕೊಡಬೇಕು. ವಿಮೆಯ ಹಣ ಅವರ ಸ್ವಂತ ಖಾತೆಗೆ ಬಂದರೆ ಅವರು ಅದನ್ನು ಸಂಸ್ಥೆಗೆ ಒಪ್ಪಿಸಬೇಕು. ಇಷ್ಟನ್ನು ಪ್ರವಾಸಕ್ಕೆ ಮುನ್ನವೇ ಅರ್ಧ ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದರೆ, ಉದಾಹರಣೆಯ ಪಾಲುದಾರರ ನಡುವೆ ಪ್ರಶ್ನೆಯೇ ಏಳುತ್ತಿರಲಿಲ್ಲ. ಒಂದೂವರೆ ಲಕ್ಷವನ್ನು ವ್ಯಾಪಾರದಲ್ಲಿ ಮತ್ತೆ ಗಳಿಸಬಹುದು. ಪಾಲುದಾರರ ನಡುವೆ ಒಮ್ಮೆ ಕೆಟ್ಟ ವಿಶ್ವಾಸವನ್ನು ಅಷ್ಟು ಸುಲಭವಾಗಿ ಗಳಿಸಲಾಗದು.

ಕಂಪನಿಗಳ ಹೊಣೆ

ದೋಷವೆಲ್ಲ ಬಾಡಿಗೆದಾರರದೇ ಎಂಬ ಅಭಿಪ್ರಾಯವೂ ಸರಿಯಲ್ಲ. ಯೂರೋಪಿನ ಗ್ರಾಹಕರೇ ವರ್ಷಗಟ್ಟಲೆ ದೂರಿದ್ದರಿಂದ ಯೂರೋಪಿಯನ್ ಆಯೋಗ ಹಾಗೂ ಸದಸ್ಯ ದೇಶಗಳ ಗ್ರಾಹಕ ರಕ್ಷಣಾ ಪ್ರಾಧಿಕಾರಗಳು ಮಧ್ಯೆ ಪ್ರವೇಶಿಸಬೇಕಾಯಿತು. 2015ರಲ್ಲಿ ಏವಿಸ್, ಯೂರೋಪ್‌ಕಾರ್, ಎಂಟರ್‌ಪ್ರೈಸ್, ಹರ್ಟ್ಜ್ ಹಾಗೂ ಸಿಕ್ಸ್ಟ್ ಕಂಪನಿಗಳು ಒಟ್ಟು ಬೆಲೆ, ಮನ್ನಾ ಹಾಗೂ ವಿಮೆಯ ಷರತ್ತುಗಳು, ಹಾನಿಯ ವಸೂಲಿ ಕ್ರಮ ಇವುಗಳನ್ನು ಸ್ಪಷ್ಟಪಡಿಸುವುದಾಗಿ ಒಪ್ಪಿಕೊಂಡವು. ಅವು ತಮ್ಮ ಪದ್ಧತಿಗಳನ್ನು ಸುಧಾರಿಸಿಕೊಂಡಿವೆಯೆಂದು ಆಯೋಗ 2017ರ ಜನವರಿಯಲ್ಲಿ ಪ್ರಕಟಿಸಿತು. ಇದು ಸ್ವಾಗತಾರ್ಹವೇ. ಆದರೂ ಈ ಒಪ್ಪಂದ ಐದು ದೊಡ್ಡ ಕಂಪನಿಗಳದು. ಅಗ್ಗದ ದರದ ಸಣ್ಣ ಕಂಪನಿಗಳು ಹಾಗೂ ಮಧ್ಯವರ್ತಿಗಳ ಪತ್ರಗಳನ್ನು ಬಾಡಿಗೆದಾರರೇ ಕಣ್ಣಿಟ್ಟು ಓದಬೇಕು. ಷರತ್ತುಗಳು ಸ್ಪಷ್ಟವಾಗಿವೆಯೆಂದರೆ ಓದುವ ಹೊಣೆ ಹೆಚ್ಚಿತೆಂದೇ ಅರ್ಥ.

ಮಾಡಬೇಕಾದದ್ದು

ವರ್ತಕ ಬಾಂಧವರು ಪ್ರವಾಸಕ್ಕೆ ಕನಿಷ್ಠ ಹದಿನೈದು ದಿನ ಮುಂಚೆ ಬಾಡಿಗೆ ಕರಾರಿನ ಷರತ್ತುಗಳನ್ನು ತರಿಸಿಕೊಂಡು ಎಕ್ಸೆಸ್ ಮೊತ್ತ, ಠೇವಣಿ ಮೊತ್ತ ಹಾಗೂ ಒಪ್ಪುವ ಕಾರ್ಡು ಯಾವುದೆಂಬುದನ್ನು ಬರೆದುಕೊಳ್ಳಬೇಕು. ತಕ್ಕ ಮಿತಿಯ ಕ್ರೆಡಿಟ್ ಕಾರ್ಡು, ದಾಖಲೆ ಇಡುವ ಶಿಸ್ತು ಹಾಗೂ ಭಾರತದ ವಿಮಾ ಸಂಸ್ಥೆಯ ಸಾಕಷ್ಟು ಮೊತ್ತದ ಎಕ್ಸೆಸ್ ರಕ್ಷಣೆ ಈ ಮೂರೂ ಇದ್ದವರು ಪ್ರತ್ಯೇಕ ಪಾಲಿಸಿಯನ್ನು ಆಯ್ದುಕೊಂಡು, ಕೌಂಟರಿನಲ್ಲಿ ನಮ್ರವಾಗಿ ಹಾಗೂ ದೃಢವಾಗಿ ಬೇಡವೆನ್ನಬಹುದು. ಮೂರರಲ್ಲಿ ಒಂದು ಇಲ್ಲದಿದ್ದರೂ ಬಾಡಿಗೆ ಕಂಪನಿಯ ಶೂನ್ಯ ಎಕ್ಸೆಸ್ ದರವನ್ನು ಬುಕಿಂಗ್ ಸಮಯದಲ್ಲೇ ಕೇಳಿ, ಹೋಲಿಸಿ, ಕೊಳ್ಳುವುದು ಲೇಸು. ದುಬಾರಿಯಾದರೂ ಅದು ಮನಸ್ಸಿನ ನೆಮ್ಮದಿಯ ಬೆಲೆ; ತಿಳಿದು ತೆತ್ತ ಹಣ ನಷ್ಟವಲ್ಲ. ಎರಡನ್ನೂ ಕೊಳ್ಳುವುದು ಮಾತ್ರ ವ್ಯರ್ಥ. ಒಂದು ಪಾಲಿಸಿ ಊರಿನಲ್ಲೇ ಕೊಂಡು, ಕೌಂಟರಿನಲ್ಲಿ ಅಳುಕಿ ಇನ್ನೊಂದಕ್ಕೂ ಸಹಿ ಹಾಕುವವರು ಕಡಿಮೆಯಿಲ್ಲ.

ಕಾರು ಪಡೆಯುವಾಗ ನಾಲ್ಕೂ ಬದಿ, ಚಕ್ರಗಳು, ಗಾಜು, ಮೇಲ್ಛಾವಣಿ, ಇಂಧನ ಸೂಚಿ ಹಾಗೂ ಕಿಲೋಮೀಟರ್ ಅಂಕಿಗಳ ಚಿತ್ರ ತೆಗೆಯಬೇಕು. ಹಳೆಯ ಗೀರುಗಳು ಸ್ಥಿತಿ ವರದಿಯಲ್ಲಿ ಸೇರಿವೆಯೇ ಎಂದು ನೋಡಬೇಕು. ಒಪ್ಪಿಸುವಾಗಲೂ ಹಾಗೆಯೇ ಮಾಡಬೇಕು. ಸಾಧ್ಯವಾದಷ್ಟೂ ಕಚೇರಿ ತೆರೆದಿರುವ ವೇಳೆಯಲ್ಲಿ ಮರಳಿಸಿ, ಹಾನಿಯಿಲ್ಲವೆಂಬ ಸಹಿ ಪಡೆಯಬೇಕು. ಹತ್ತು ನಿಮಿಷದ ಈ ಕೆಲಸ ಯಾವ ಪಾಲಿಸಿಗಿಂತಲೂ ಅಗ್ಗ.

ಸರಕು ಕಳಿಸುವಾಗ ಸಾಗಣೆ ವಿಮೆ ಯಾರದು, ಹೊಣೆ ಎಲ್ಲಿ ಮುಗಿಯುತ್ತದೆ ಎಂದು ಕರಾರಿನ ಒಂದೊಂದು ಅಕ್ಷರವನ್ನೂ ಅಳೆದು ನೋಡುವ ರಫ್ತುದಾರರೇ, ತಾವು ಚಾಲನೆ ಮಾಡುವ ಕಾರಿನ ಕರಾರಿಗೆ ಓದದೆ ಸಹಿ ಹಾಕುತ್ತಾರೆಂಬುದು ವಿಚಿತ್ರ. ಸರಕಿಗೆ ತೋರುವ ಎಚ್ಚರವನ್ನು ಕಾರಿಗೂ ತೋರಿದರೆ ಸಾಕು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ, ಇ-ಮೇಲ್ ಬಂದ ಮೇಲೆ ಪಾಲಿಸಿಯ ಷರತ್ತುಗಳನ್ನು ಹುಡುಕುವುದರಿಂದ ಪ್ರಯೋಜನವಿಲ್ಲ.